ಗಡಿಯ ಪ್ರಶ್ನೆ: ನ್ಯಾಯಾಲಯಕ್ಕೊ, ಜನತೆಗೊ?



ಕಳೆದ ಸುಗ್ಗಿ ಮುಗಿದ ಮೇಲೆ ಅಕ್ಕಲಕೋಟೆಯ ಕಡೆಯ ಹಿರಿಯರೊಬ್ಬರು ಮಡಗಾಂವಿಗೆ ಬಂದಿದ್ದರು. ಅವರ ಮಗ ಇಲ್ಲಿ ಗವಂಡಿ ಕೆಲಸ ಮಾಡಿಕೊಂಡಿದ್ದಾನೆ. ಅವರನ್ನು ಗಾಡಿ ಹತ್ತಿಸಲೆಂದು ನಾನೂ ಸ್ಟೇಶನ್ನಿಗೆ ಹೋಗಿದ್ದೆ. ಲೋಂಡಾ ಮಾರ್ಗದ ಗಾಡಿ ತಡವಾಗಿತ್ತು. ಬಾಕಿನ ಮೇಲೆ ಕುಳಿತು ಅವರು ಕೇಳಿದ ಮಾತೇ ಈ ಬರಹಕ್ಕೆ ಕಾರಣ. "ತಮ್ಮಾ, ದಿಲ್ಲಿ ಕೋರ್ಟಿನ ತೀರ್ಪು ಯಾವಾಗ ಬರತೈತಿ? ಅದು ಬಂತಂದ್ರ ನಮ್ಮೂರು ಕರ್ನಾಟಕಕ್ಕ ಸೇರಿದಂಗ ಅಲ್ಲೇನು?"

"ಕಾಕಾ, ಆ ದಾವೆಯಲ್ಲಿ ನಿಮ್ಮ ಊರಿನ ಮಾತೇ ಇಲ್ಲ" ಎಂದು ಹೇಳಬೇಕಾಯಿತು. ಅವರು ನಂಬಲಿಲ್ಲ. ಇಪ್ಪತ್ತು ವರ್ಷಗಳಿಂದ ಯಾವ ಬಾಗಿಲನ್ನು ನೋಡುತ್ತ ಕುಳಿತಿದ್ದರೋ ಆ ಬಾಗಿಲು ತಮ್ಮ ಮನೆಯದಲ್ಲವೆಂದರೆ ಯಾರು ತಾನೆ ತಟ್ಟನೆ ನಂಬಿಯಾರು?

ಆದರೆ ವಸ್ತುಸ್ಥಿತಿ ಅದೇ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದ್ದು ಮಹಾರಾಷ್ಟ್ರ ಸರಕಾರ. ಕರ್ನಾಟಕದಲ್ಲಿರುವ ಬೆಳಗಾವಿ, ನಿಪ್ಪಾಣಿ, ಕಾರವಾರ ಮುಂತಾದ ಪ್ರದೇಶಗಳು ತನಗೆ ಸಲ್ಲಬೇಕೆಂಬುದು ಅದರ ವಾದ. ಅಕ್ಕಲಕೋಟೆಯಾಗಲಿ, ಜತ್ತವಾಗಲಿ, ದಕ್ಷಿಣ ಸೊಲ್ಲಾಪುರವಾಗಲಿ, ಕೇರಳದಲ್ಲಿರುವ ಕಾಸರಗೋಡಾಗಲಿ ಅಲ್ಲಿ ಬೇಡಿಕೆಯ ವಿಷಯವಲ್ಲ. ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯವನ್ನು ರಾಜ್ಯಘಟನೆಯ 131ನೆಯ ಕಲಮಿನ ಪ್ರಕಾರ ನೇರವಾಗಿ ಆ ನ್ಯಾಯಾಲಯಕ್ಕೇ ಒಯ್ಯಬಹುದು. ಅಲ್ಲಿ ವಾದಿ ಪ್ರತಿವಾದಿಗಳಾಗಿ ನಿಲ್ಲುವವರು ಸರಕಾರಗಳು. ಹೊಲ ಮನೆಗಳುಳ್ಳ ಹಳ್ಳಿಯವನು ಅಲ್ಲಿ ಕಕ್ಷಿಗಾರನಲ್ಲ. ಇಂಥ ದಾವೆಯನ್ನು ನ್ಯಾಯಾಲಯ ವಿಚಾರಿಸಬಹುದೇ ಎಂಬ ಮೊದಲ ಆಕ್ಷೇಪವನ್ನೇ ಕರ್ನಾಟಕವು ಎತ್ತಿ ಹಿಡಿದಿದೆ. ಇಪ್ಪತ್ತು ವರ್ಷ ಕಳೆದು ಹೋದವು. ಕೊನೆಯ ತೀರ್ಪು ಬಂದಿಲ್ಲ.

ಬಂದರೂ ಏನಾದೀತು ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು. ರಾಜ್ಯಗಳ ಮೇರೆಯನ್ನು ಬದಲಿಸುವ ಅಧಿಕಾರವನ್ನು ರಾಜ್ಯಘಟನೆ, ಅಂದರೆ ನಮ್ಮ ಸಂವಿಧಾನ, 3ನೆಯ ಕಲಮಿನಲ್ಲಿ ಸಂಸತ್ತಿಗೆ ಕೊಟ್ಟಿದೆ. ಅದಕ್ಕೆ ಬೇಕಾದುದು ಒಂದು ಸಾಮಾನ್ಯ ಕಾಯಿದೆ. ಸಾಮಾನ್ಯ ಬಹುಮತ ಸಾಕು, ಘಟನೆಯ ತಿದ್ದುಪಡಿಯ ಕಟ್ಟುನಿಟ್ಟು ಬೇಡವೆಂದು 4ನೆಯ ಕಲಮು ಹೇಳುತ್ತದೆ. ಮಸೂದೆಯನ್ನು ಮಂಡಿಸಲು ರಾಷ್ಟ್ರಪತಿಗಳ ಶಿಫಾರಸು ಇರಬೇಕು. ಯಾವ ರಾಜ್ಯದ ಮೇರೆ ಬದಲಾಗುವುದೋ ಆ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು. ಕೇಳಬೇಕು, ಅಷ್ಟೆ. ಒಪ್ಪಿಗೆ ಪಡೆಯಬೇಕೆಂದಿಲ್ಲ. ಮುಂಬಯಿ ರಾಜ್ಯವನ್ನು ಮೂರು ತುಂಡು ಮಾಡುವ ಮಸೂದೆಯ ಬಗೆಗೆ ಅಭಿಪ್ರಾಯ ಕೇಳಿ, ಕಡೆಗೆ ಒಂದೇ ದ್ವಿಭಾಷಾ ರಾಜ್ಯವನ್ನು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಬಾಬುಲಾಲ ಪರಾಟೆಯವರ ಪ್ರಕರಣದಲ್ಲಿ ಎದ್ದಿತ್ತು. ಮತ್ತೊಮ್ಮೆ ಕೇಳಬೇಕಾಗಿಲ್ಲ, ಆ ಅಭಿಪ್ರಾಯ ಸಂಸತ್ತನ್ನು ಕಟ್ಟಿ ಹಾಕುವುದೂ ಇಲ್ಲ ಎಂದು 1959ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2023ರ ಡಿಸೆಂಬರ್ 11ರಂದು ಜಮ್ಮು-ಕಾಶ್ಮೀರದ ಪ್ರಕರಣದಲ್ಲಿಯೂ, ರಾಜ್ಯದ ಅಭಿಪ್ರಾಯ ಬರಿಯ ಸಲಹೆಯ ಸ್ವರೂಪದ್ದು ಎಂಬ ನಿಲುವನ್ನೇ ಆ ನ್ಯಾಯಾಲಯ ತಳೆಯಿತು.

ಹೀಗಿರುವಾಗ ನ್ಯಾಯಾಧೀಶರು ಸಂಸತ್ತು ಮಾಡಿದ ಕಾಯಿದೆ ಘಟನೆಗೆ ಒಪ್ಪುವುದೋ ಇಲ್ಲವೋ ಎಂದು ಪರೀಕ್ಷಿಸಬಲ್ಲರು. ನಕಾಶೆಯನ್ನು ಹರವಿಕೊಂಡು ಈ ಊರು ಇತ್ತ, ಆ ಊರು ಅತ್ತ ಎಂದು ಗೆರೆ ಎಳೆಯುವುದು ಅವರ ಕೆಲಸವಲ್ಲ. ಆಂಧ್ರ-ಮದರಾಸುಗಳ ಗಡಿ 1960ರ ಏಪ್ರಿಲ್ 1ರಿಂದ ಬದಲಾಗಿ ತಿರುತ್ತಣಿ ಮದರಾಸಿಗೆ ಸೇರಿದ್ದು ಯಾವ ತೀರ್ಪಿನಿಂದಲೂ ಅಲ್ಲ. ಹರಿ ವಿನಾಯಕ ಪಾಟಸ್ಕರರ ಮಧ್ಯಸ್ಥಿಕೆಗೆ ಎರಡೂ ಕಡೆಯವರು ತಲೆಬಾಗಿದರು, ಸಂಸತ್ತು 1959ರಲ್ಲಿ ಕಾಯಿದೆ ಮಾಡಿತು, ಕೆಲಸ ಮುಗಿಯಿತು.

3ನೆಯ ಕಲಮನ್ನು ಎಷ್ಟು ಸಾರೆ ಓದಿದರೂ ಅದರಲ್ಲಿ ಒಂದು ಶಬ್ದ ಸಿಗುವುದಿಲ್ಲ: ಜನ. ಸಂಸತ್ತು ಇದೆ, ರಾಷ್ಟ್ರಪತಿ ಇದ್ದಾರೆ, ವಿಧಾನಮಂಡಲವಿದೆ. ಯಾರ ಉತಾರ ಒಂದು ತಹಸೀಲಿನಿಂದ ಇನ್ನೊಂದು ತಹಸೀಲಿಗೆ ಹೋಗುವುದೋ, ಯಾರ ಮಕ್ಕಳು ಬೇರೊಂದು ಲಿಪಿಯಲ್ಲಿ ಪಾಟಿ ತೀಡಬೇಕೋ ಅವರ ಮಾತನ್ನು ಕೇಳಬೇಕೆಂದು ಅಲ್ಲಿ ಬರೆದಿಲ್ಲ. ಆದರೂ ಒಮ್ಮೆ ಕೇಳಿದ್ದುಂಟು. ಆ ಕತೆ ನಾನು ಕುಳಿತು ಬರೆಯುತ್ತಿರುವ ಈ ನೆಲದ್ದು. ಗಡಿನಾಡಿನ ನಮ್ಮ ಸಭೆಗಳಲ್ಲಿ ಇದನ್ನು ಯಾರೂ ಎತ್ತಿ ಆಡುವುದಿಲ್ಲವಾದ್ದರಿಂದ ತುಸು ವಿಸ್ತರಿಸಿ ಹೇಳುತ್ತೇನೆ.

ಮಡಗಾಂವಿನ ನಡುವೆ ಒಂದು ಮೈದಾನವಿದೆ. ಪೋರ್ತುಗೀಜರ ಆಳಿಕೆಯಲ್ಲಿ ಸರಕಾರದ ಅಪ್ಪಣೆಯಿಲ್ಲದೆ ನಾಲ್ಕು ಜನರ ಮುಂದೆ ನಿಂತು ಭಾಷಣ ಮಾಡುವಂತಿರಲಿಲ್ಲ. 1946ರ ಜೂನ್ 18ರಂದು ಡಾ. ರಾಮಮನೋಹರ ಲೋಹಿಯಾ ಅವರು ಡಾ. ಜುಲಿಯಾಂವ್ ಮಿನೇಜಿಸರ ಜೊತೆಗೂಡಿ ಇಲ್ಲಿಯೇ ಆ ನಿರ್ಬಂಧವನ್ನು ಮುರಿದು ಸೆರೆಯಾದರು. ಮೈದಾನಕ್ಕೆ ಇಂದು ಲೋಹಿಯಾ ಅವರ ಹೆಸರೇ ಇದೆ. ಅದರ ಮಗ್ಗುಲಿನ ಪೇಟೆಯಲ್ಲಿ ಬೆಳಗಾವಿಯ ಕಾಯಿಪಲ್ಲೆ ಮಾರುತ್ತ ಕುಳಿತ ನಮ್ಮ ಅಕ್ಕ ತಂಗಿಯರಿಗೆ ಅದು ನೆರಳಿನ ಜಾಗ ಮಾತ್ರ, ಇರಲಿ.

ಮುಂದೆ ಪೋರ್ತುಗಲ್ಲು 1955ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ದಾದ್ರಾ ನಗರಹವೇಲಿಗೆ ಹೋಗಿಬರುವ ಹಾದಿಯ ಹಕ್ಕಿನ ದಾವೆ ಅದು. 1960ರ ಏಪ್ರಿಲ್‌ನಲ್ಲಿ ತೀರ್ಪು ಬಂದಿತು. ಖಾಸಗಿ ಜನರು, ಮುಲ್ಕಿ ಅಧಿಕಾರಿಗಳು ಮತ್ತು ಸರಕು ಹೋಗಬಹುದಿತ್ತು, ಸೈನ್ಯ ಹೋಗುವಂತಿರಲಿಲ್ಲ, ಭಾರತವು ತಪ್ಪು ಮಾಡಿಲ್ಲ ಎಂದು ನ್ಯಾಯಾಲಯ ಹೇಳಿತು. ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಆದರೆ ಆ ನೆಲದ ಜನ ಯಾರಿಗೆ ಸೇರಬೇಕೆಂಬ ಪ್ರಶ್ನೆ ಆ ದಾವೆಯಲ್ಲಿ ಇರಲೇ ಇಲ್ಲ. 1961ರ ಡಿಸೆಂಬರ್ 19ರಂದು ಗೋವೆ ಭಾರತಕ್ಕೆ ಸೇರಿತು; 1962ರಲ್ಲಿ ಘಟನೆಯ ಹನ್ನೆರಡನೆಯ ತಿದ್ದುಪಡಿಯಿಂದ ಅದು ಕೇಂದ್ರಾಡಳಿತ ಪ್ರದೇಶವೆಂದು ನೆಲೆಗೊಂಡಿತು.

ಆಗ ಹುಟ್ಟಿತು ದೊಡ್ಡ ಜಗಳ. 1963ರ ಡಿಸೆಂಬರಿನ ಮೊದಲ ಚುನಾವಣೆಯಲ್ಲಿ ದಯಾನಂದ ಬಾಂದೋಡಕರರ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಗೆದ್ದಿತು. ಗೋವೆ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆಂಬುದು ಅದರ ಹೆಸರಿನಲ್ಲಿಯೇ ಇತ್ತು. ನಾವು ಗೆದ್ದೆವು, ಆದ್ದರಿಂದ ಜನ ವಿಲೀನಕ್ಕೆ ಒಪ್ಪಿದ ಹಾಗಾಯಿತು ಎಂದು ಆ ಪಕ್ಷದವರು ವಾದಿಸಿದರು. ಚುನಾವಣೆ ಬೇರೆ, ಈ ಪ್ರಶ್ನೆ ಬೇರೆ, ಇದೊಂದನ್ನೇ ಬಿಡಿಸಿ ಕೇಳಿರೆಂದು ಯುನಾಯಿಟೆಡ್ ಗೋವನ್ಸ್ ಪಕ್ಷದ ಡಾ. ಜ್ಯಾಕ್ ಸಿಕ್ವೇರಾ ಅವರು ಹಟ ಹಿಡಿದರು. ಕಾಯಿದೆಯ ದೃಷ್ಟಿಯಿಂದ ಸಿಕ್ವೇರಾ ಅವರ ಕೈಯಲ್ಲಿ ಏನೂ ಇರಲಿಲ್ಲವೆಂಬುದನ್ನು ಗಮನಿಸಿರಿ. ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನಾದರೂ ಕೇಳಬೇಕಾಗುತ್ತದೆ. ಕೇಂದ್ರಾಡಳಿತ ಪ್ರದೇಶಕ್ಕೆ ಆ ಮಾನವೂ ಇಲ್ಲ. ಅವರು ಯಾವ ನ್ಯಾಯಾಲಯಕ್ಕೆ ಹೋಗಿದ್ದರೂ ಬರಿಗೈಯಿಂದ ಮರಳಬೇಕಾಗುತ್ತಿತ್ತು. ಅವರು ದಿಲ್ಲಿಗೆ ಹೋದರು, ಊರೂರು ತಿರುಗಿದರು, ಪತ್ರಿಕೆಗಳಲ್ಲಿ ಬರೆಯಿಸಿದರು. ಕಡೆಗೆ ಇಂದಿರಾ ಗಾಂಧಿಯವರ ಸರಕಾರ ಒಪ್ಪಿತು. 1966ರಲ್ಲಿ ಸಂಸತ್ತು ಗೋವೆ, ದಮಣ ಮತ್ತು ದೀವ ಜನಾಭಿಪ್ರಾಯ ಸಂಗ್ರಹದ ಕಾಯಿದೆಯನ್ನು ಮಾಡಿತು. ಘಟನೆ ಕೇಳಬೇಕೆಂದು ಹೇಳದಿದ್ದರೂ ಕೇಳಬಾರದೆಂದೂ ಹೇಳಿರಲಿಲ್ಲ!

ಮತದಾನ ನಿಷ್ಪಕ್ಷಪಾತವಾಗಿ ನಡೆಯಲೆಂದು 1966ರ ಡಿಸೆಂಬರಿನಲ್ಲಿ ಬಾಂದೋಡಕರರ ಮಂತ್ರಿಮಂಡಲ ರಾಜೀನಾಮೆಯಿತ್ತು ದೂರ ಸರಿಯಿತು. 1967ರ ಜನವರಿ 16ರಂದು ಜನ ಮತ ಹಾಕಿದರು. ವಿಲೀನಕ್ಕೆ ಹೂವಿನ ಗುರುತು, ಪ್ರತ್ಯೇಕವಾಗಿ ಉಳಿಯುವುದಕ್ಕೆ ಎರಡು ಎಲೆಗಳ ಗುರುತು. ಮುಂಬಯಿಯಲ್ಲಿ ನೆಲೆಸಿದ ಗೋವೆಯವರಿಗೂ ಮತ ಬೇಕೆಂಬ ಬೇಡಿಕೆ ನಡೆಯಲಿಲ್ಲ. ಇಲ್ಲಿಯ ಮತದಾರರ ಯಾದಿಯಲ್ಲಿ ಹೆಸರಿದ್ದವರೇ ಮತದಾರರು. ಪ್ರತ್ಯೇಕವಾಗಿ ಉಳಿಯೋಣವೆಂದವರು 1,72,191 ಜನ. ವಿಲೀನವಾಗೋಣವೆಂದವರು 1,38,170 ಜನ. 34,021 ಮತಗಳ ಅಂತರದಿಂದ ಒಂದು ನಾಡಿನ ಹಣೆಯ ಬರಹ ತೀರ್ಮಾನವಾಯಿತು.

ಅಲ್ಲಿಗೆ ಕತೆ ಮುಗಿಯಲಿಲ್ಲ. ಎರಡೇ ತಿಂಗಳಲ್ಲಿ, 1967ರ ಮಾರ್ಚಿನಲ್ಲಿ, ವಿಧಾನಸಭೆಯ ಚುನಾವಣೆ ಬಂದಿತು. ವಿಲೀನವನ್ನು ತಿರಸ್ಕರಿಸಿದ ಅದೇ ಜನ ವಿಲೀನವಾದಿಯಾದ ಬಾಂದೋಡಕರರ ಪಕ್ಷವನ್ನೇ ಮತ್ತೆ ಗೆಲ್ಲಿಸಿದರು! 1973ರಲ್ಲಿ ತೀರಿಕೊಳ್ಳುವವರೆಗೂ ಅವರೇ ಮುಖ್ಯಮಂತ್ರಿಗಳು. ಜನಕ್ಕೆ ಬುದ್ಧಿಯಿಲ್ಲವೆಂದು ಪಟ್ಟಣದ ಪಂಡಿತರು ನಕ್ಕಿರಬಹುದು. ನನಗೆ ಇದರಲ್ಲಿ ಕಾಣುವುದು ಜನರ ದೊಡ್ಡ ವಿವೇಕ. ನಮ್ಮನ್ನು ಆಳಲು ಈತ ಯೋಗ್ಯ. ಆದರೆ ನಮ್ಮ ಮನೆಯನ್ನು ಇನ್ನೊಬ್ಬರ ಮನೆಗೆ ಸೇರಿಸುವ ಹಕ್ಕು ಈತನಿಗಿಲ್ಲ ಎಂದು ಅವರು ಎರಡು ಪ್ರಶ್ನೆಗಳಿಗೆ ಎರಡು ಉತ್ತರ ಕೊಟ್ಟರು. ಒಂದೇ ಚುನಾವಣೆಯಲ್ಲಿ ಎರಡನ್ನೂ ಕಲಸಿ ಕೇಳಿದ್ದರೆ ಈ ಉತ್ತರ ಸಿಗುತ್ತಿತ್ತೇ? ಇಪ್ಪತ್ತು ವರ್ಷಗಳ ಬಳಿಕ, 1987ರ ಮೇ 30ರಂದು, ಗೋವೆ ಸಂಪೂರ್ಣ ರಾಜ್ಯವಾಯಿತು.

ಈಗ ನಮ್ಮ ಕಡೆ ನೋಡೋಣ. ಗೋವೆಯ ಜನ ಮತ ಹಾಕಲು ಸಿದ್ಧರಾಗುತ್ತಿದ್ದ ಅದೇ ದಿನಗಳಲ್ಲಿ, ಸೇನಾಪತಿ ಬಾಪಟರ ಉಪವಾಸದ ಹಿನ್ನೆಲೆಯಲ್ಲಿ, 1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಗಡಿಯ ಪ್ರಶ್ನೆಗಾಗಿ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಆಯೋಗವನ್ನು ನೇಮಿಸಿತು. ಅವರು ಸರ್ವೋಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಾಧೀಶರು. ಏಳು ಸಾವಿರಕ್ಕೂ ಹೆಚ್ಚು ಜನರನ್ನು ಕಂಡು ಮಾತಾಡಿ 1967ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಬೆಳಗಾವಿ ನಗರ ಇದ್ದಲ್ಲಿಯೇ ಇರಲಿ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ 247 ಹಳ್ಳಿಗಳು ಮೈಸೂರಿಗೆ ಬರಲಿ. ನಿಪ್ಪಾಣಿ, ಖಾನಾಪುರ, ನಂದಗಡ ಕೂಡಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡು ಮೈಸೂರಿಗೆ ಸೇರಲಿ ಎಂಬುದು ಅದರ ಸಾರ. ಮಹಾರಾಷ್ಟ್ರ ಒಪ್ಪಲಿಲ್ಲ, ಕೇರಳ ಒಪ್ಪಲಿಲ್ಲ, ಸಂಸತ್ತು ಕಾಯಿದೆ ಮಾಡಲಿಲ್ಲ. ಬರೆದವರು ನ್ಯಾಯಾಧೀಶರಾಗಿದ್ದರೂ ವರದಿ ತೀರ್ಪಾಗಲಿಲ್ಲ. ಅದರ ಹಿಂದೆ ಕಾಯಿದೆಯ ಬಲವೂ ಇರಲಿಲ್ಲ, ಜನರು ಎಣಿಸಿ ಕೊಟ್ಟ ಮತದ ಬಲವೂ ಇರಲಿಲ್ಲ. ಗೋವೆಗೆ ಎರಡೂ ಇದ್ದವು.

ಇಲ್ಲಿ ಒಂದು ಕಹಿ ಮಾತನ್ನು ಆಡಲೇಬೇಕು. ಏಕೀಕರಣದ ವೇದಿಕೆಯಿಂದಲೇ ಆಡುತ್ತಿರುವುದರಿಂದ ಯಾರೂ ಸಂಶಯಪಡಬೇಕಾಗಿಲ್ಲ. ಮಹಾಜನ ವರದಿಯೇ ಅಂತಿಮವೆಂದು ನಮ್ಮವರು ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಾರುತ್ತ ಬಂದಿದ್ದಾರೆ. ಆದರೆ ವೇದಿಕೆಯ ಮೇಲೆ 247 ಎಂಬ ಅಂಕಿ ಕೇಳಿಬರುವಷ್ಟು ಗಟ್ಟಿಯಾಗಿ 264 ಎಂಬ ಅಂಕಿ ಕೇಳಿಬಂದಿಲ್ಲ. ಜತ್ತದ ಕನ್ನಡಿಗನ ಇಚ್ಛೆಗೆ ಬೆಲೆಯುಂಟೆಂದಾದರೆ ಖಾನಾಪುರದ ಮರಾಠಿಗನ ಇಚ್ಛೆಗೂ ಅಷ್ಟೇ ಬೆಲೆ ಇರಬೇಕಾಗುತ್ತದೆ. ಅತ್ತ ಮಹಾರಾಷ್ಟ್ರದವರೂ ತಮಗೆ ಬೇಕಾದ ಊರುಗಳನ್ನು ಮಾತ್ರ ಎಣಿಸುತ್ತಾರೆ. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತ ತಾಲೂಕಿನ ಗ್ರಾಮ ಪಂಚಾಯತಿಗಳು ನೀರಿನ ಬವಣೆ ತಾಳದೆ ಮಾಡಿದ್ದ ಹಳೆಯ ಠರಾವನ್ನು ನೆನಪಿಸಿದಾಗ ಎಷ್ಟು ಗದ್ದಲವಾಯಿತು! ಡಿಸೆಂಬರ್ 14ರಂದು ಕೇಂದ್ರ ಗೃಹಮಂತ್ರಿಗಳು ಎರಡೂ ಮುಖ್ಯಮಂತ್ರಿಗಳನ್ನು ಕೂಡಿಸಿ, ನ್ಯಾಯಾಲಯ ತೀರ್ಪು ಕೊಡುವವರೆಗೆ ಯಾರೂ ಹಕ್ಕು ಸಾಧಿಸಬಾರದೆಂದರು. 22ರಂದು ಕರ್ನಾಟಕದ ವಿಧಾನಸಭೆ ಒಂದಂಗುಲ ನೆಲವನ್ನೂ ಬಿಡೆವೆಂದು ಠರಾವು ಮಾಡಿತು. 27ರಂದು ಮಹಾರಾಷ್ಟ್ರದ ವಿಧಾನಮಂಡಲ 865 ಹಳ್ಳಿಗಳು ತನ್ನವೆಂದು ಠರಾವು ಮಾಡಿತು. ಎರಡೂ ಸರ್ವಾನುಮತದಿಂದ! ಆ ದಿನಗಳಲ್ಲಿ ಬಸ್ಸುಗಳಿಗೆ ಮಸಿ ಬಳಿದರು, ಗಾಡಿಗಳಿಗೆ ಕಲ್ಲು ಬಿದ್ದವು. ಜತ್ತದ ರೈತನ ಬಾವಿಗೆ ಒಂದು ಕೊಡ ನೀರು ಹೆಚ್ಚಾಗಲಿಲ್ಲ.

ರಾಜಕಾರಣಿಗೆ ನ್ಯಾಯಾಲಯ ಇಂಥ ಹೊತ್ತಿನಲ್ಲಿ ಬಲು ಅನುಕೂಲದ ಅಟ್ಟವಾಗುತ್ತದೆ. ಬಗೆಹರಿಸಲು ಧೈರ್ಯವಿಲ್ಲದ ಗಂಟನ್ನು ಅದರ ಮೇಲೆ ಎಸೆದು "ವಿಷಯ ನ್ಯಾಯಾಲಯದ ಮುಂದಿದೆ" ಎಂದುಬಿಟ್ಟರೆ ಐದು ವರ್ಷ ಕಳೆಯಿತು. ಮತ್ತೊಂದು ಚುನಾವಣೆಯಲ್ಲಿ ಅದೇ ಗಂಟನ್ನು ಇಳಿಸಿ ತೋರಿಸಿದರಾಯಿತು. ಇದರಲ್ಲಿ ನ್ಯಾಯಾಧೀಶರ ತಪ್ಪೇನೂ ಇಲ್ಲ. ಜನ ಮತ್ತು ಜನಪ್ರತಿನಿಧಿಗಳು ತೀರಿಸಬೇಕಾದ ಪ್ರಶ್ನೆಯನ್ನು ಅವರ ಮುಂದೆ ತಂದಿಟ್ಟವರು ನಾವು.

ಆದ್ದರಿಂದ ನಮ್ಮ ಬೇಡಿಕೆ ಬದಲಾಗಬೇಕೆಂದು ನನ್ನ ಅಭಿಪ್ರಾಯ. ಸೇರಿಸಿರಿ ಎಂದು ಕೇಳುವ ಮೊದಲು ನಮ್ಮನ್ನು ಕೇಳಿರಿ ಎಂದು ಕೇಳೋಣ. 1966ರ ಕಾಯಿದೆಯಂಥದೊಂದು ಕಾಯಿದೆಯನ್ನು ಸಂಸತ್ತು ಗಡಿಯ ಊರುಗಳಿಗಾಗಿ ಮಾಡಲಿ. ಎರಡೂ ಸರಕಾರಗಳು ಕೈಯಿಡದಂತೆ ಚುನಾವಣಾ ಆಯೋಗ ಅದನ್ನು ನಡೆಸಲಿ. ಘಟಕ ಯಾವುದೆಂಬುದನ್ನು ಮಾತ್ರ ಮೊದಲೇ ನಿಶ್ಚಯಿಸಬೇಕು. ಗೋವೆಯಲ್ಲಿ ಇಡೀ ಪ್ರದೇಶವನ್ನು ಒಂದೇ ಘಟಕವೆಂದು ಹಿಡಿದರು. ಮಡಗಾಂವ ಇರುವ ಸಾಷ್ಟಿ ತಾಲೂಕು ವಿಲೀನವನ್ನು ಭಾರಿ ಬಹುಮತದಿಂದ ತಳ್ಳಿಹಾಕಿತು. ಉತ್ತರದ ಪೆಡ್ಣೆಯ ಕಡೆ ವಿಲೀನದ ಪರ ಮತ ಬಿದ್ದರೂ ಆ ಜನ ಒಟ್ಟು ಲೆಕ್ಕಕ್ಕೆ ತಲೆಬಾಗಬೇಕಾಯಿತು. ನಮ್ಮಲ್ಲಿ ತಾಲೂಕನ್ನು ಹಿಡಿದರೆ ಒಂದು ಫಲ, ಹಳ್ಳಿಯನ್ನು ಹಿಡಿದರೆ ಇನ್ನೊಂದು ಫಲ. ಪಾಟಸ್ಕರರಂತೆ ಹಳ್ಳಿಯನ್ನೇ ಘಟಕವಾಗಿ ಹಿಡಿದು, ಒಂದಕ್ಕೊಂದು ಹತ್ತಿಕೊಂಡ ಊರುಗಳನ್ನು ಮಾತ್ರ ಬದಲಿಸುವುದು ನ್ಯಾಯವೆಂದು ನನಗೆ ತೋರುತ್ತದೆ. ಹಾಗೆ ಮಾಡಿದರೆ ನಾವು ಕೆಲವು ಊರುಗಳನ್ನು ಕಳೆದುಕೊಂಡೇವು. ಕನ್ನಡ ಮಾತಾಡುವ ಊರೇ ಸಕ್ಕರೆ ಕಾರಖಾನೆ, ಹಾಲಿನ ಸಂಘ, ಬೀಗತನ, ಸಾಲ ಸೋಲ ಎಲ್ಲವನ್ನೂ ತೂಗಿ ನೋಡಿ ಇದ್ದಲ್ಲಿಯೇ ಇರುತ್ತೇವೆಂದು ಹೇಳಿದರೂ ಹೇಳೀತು. ಬಾಂದೋಡಕರರಿಗೆ ಆದದ್ದು ಅದೇ ತಾನೆ? ಅವರು ಸೋಲನ್ನು ಒಪ್ಪಿದರು. ನಾವೂ ಒಪ್ಪಲು ಸಿದ್ಧರಿರಬೇಕು. ಕೇಳುವ ಮೊದಲೇ ಉತ್ತರವನ್ನು ನಿಶ್ಚಯಿಸಿಕೊಂಡವರು ಕೇಳಲು ಅರ್ಹರಲ್ಲ.

ಹಾಗಾದರೆ ನ್ಯಾಯಾಲಯದಿಂದ ನಮಗೆ ಪ್ರಯೋಜನವೇ ಇಲ್ಲವೇ? ಇದೆ, ಬೇಕಾದಷ್ಟಿದೆ, ಆದರೆ ಬೇರೆ ಕೆಲಸಕ್ಕೆ. ಗಡಿ ಎಲ್ಲಿಯೇ ಇರಲಿ, ಭಾಷೆಯ ಹಕ್ಕು ಇಂದಿನದು. ತಮ್ಮ ಭಾಷೆ ಲಿಪಿಗಳನ್ನು ಕಾಪಾಡಿಕೊಳ್ಳುವ ಹಕ್ಕು 29ನೆಯ ಕಲಮಿನಲ್ಲಿದೆ, ತಮ್ಮದೇ ಶಾಲೆ ನಡೆಸುವ ಹಕ್ಕು 30ನೆಯದರಲ್ಲಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು 2002ರಲ್ಲಿ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದ್ದರಿಂದ ಮಹಾರಾಷ್ಟ್ರದಲ್ಲಿ, ಕೇರಳದಲ್ಲಿ, ಗೋವೆಯಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಅಂಥ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಏರ್ಪಾಡಿಗೆ ರಾಜ್ಯವು ಯತ್ನಿಸಬೇಕೆಂಬ 350-ಎ ಕಲಮನ್ನು 1956ರಲ್ಲಿ ಸೇರಿಸಿದ್ದೇ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗಡಿಯಾಚೆ ಉಳಿದ ನಮ್ಮಂಥವರಿಗಾಗಿ. ಆದರೆ ತಾಯ್ನುಡಿಯಲ್ಲಿಯೇ ಕಲಿಯಿರೆಂದು ಸರಕಾರ ಬಲವಂತ ಮಾಡುವಂತಿಲ್ಲ, ಆಯ್ಕೆ ತಂದೆ ತಾಯಿಗಳದು ಎಂದು 2014ರ ಮೇ 6ರ ತೀರ್ಪು ಹೇಳಿತು. ಅದು ಕರ್ನಾಟಕದ ಸರಕಾರಕ್ಕೇ ಬಿದ್ದ ಪೆಟ್ಟು. ಕನ್ನಡ ಶಾಲೆ ಉಳಿಯುವುದು ಕನ್ನಡಿಗರು ಮಕ್ಕಳನ್ನು ಕಳಿಸಿದರೆ ಮಾತ್ರ. ಹುಡುಗರಿಲ್ಲದ ಶಾಲೆಗಾಗಿ ಯಾವ ನ್ಯಾಯಾಧೀಶರೂ ಆಜ್ಞೆ ಮಾಡಲಾರರು.

ಶಿಕ್ಷಕರಿಲ್ಲ, ಪುಸ್ತಕ ಬಂದಿಲ್ಲ, ಕನ್ನಡದ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ ಎಂಬಂಥ ದೂರುಗಳಿಗೆ ಮುಂಬಯಿಯವರೆಗೆ ಅಲೆಯಬೇಕಾದ ಕಾಲ ಹೋಯಿತು. 2025ರ ಆಗಸ್ಟಿನಿಂದ ಮುಂಬಯಿ ಉಚ್ಚ ನ್ಯಾಯಾಲಯದ ಪೀಠ ಕೊಲ್ಹಾಪುರದಲ್ಲಿ ಕುಳಿತುಕೊಳ್ಳುತ್ತಿದೆ. ಸಾಂಗಲಿ ಜಿಲ್ಲೆಯ ಜತ್ತವೂ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯೂ ಅದರ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ಹಳ್ಳಿಯವನೇ ಅರ್ಜಿದಾರನಾಗಿ ನಿಲ್ಲಬಹುದು.

ಗಾಡಿ ಬರುವ ಹೊತ್ತಿಗೆ ಇಷ್ಟನ್ನೂ ಆ ಹಿರಿಯರಿಗೆ ನನಗೆ ತಿಳಿದಂತೆ ಹೇಳಿದೆ. ಜನವರಿ 26ರ ಗ್ರಾಮಸಭೆಯಲ್ಲಿ ಎರಡು ಠರಾವು ಮಾಡಿಸಿರೆಂದು ಕೇಳಿಕೊಂಡೆ: ಗಡಿಯ ಊರುಗಳ ಜನರ ಮತವನ್ನು ಕೇಳುವ ಕಾಯಿದೆ ಬೇಕೆಂದು ನಿಮ್ಮ ಲೋಕಸಭಾ ಸದಸ್ಯರಿಗೆ ಒಂದು, ಶಾಲೆಯ ಕೊರತೆಗಳನ್ನು ಒಂದೊಂದಾಗಿ ಬರೆದು ಜಿಲ್ಲಾಧಿಕಾರಿಗಳಿಗೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಇನ್ನೊಂದು. ಅವರು ಗಂಟು ಎತ್ತಿಕೊಂಡು ಬಾಗಿಲಲ್ಲಿ ನಿಂತು ಕೇಳಿದರು: "ಯಾವ ಭಾಷಾದಾಗ ಬರೀಲಿ, ತಮ್ಮಾ? ಮರಾಠಿ ಬರಿಯೂದು ನನಗ ನೆಟ್ಟಗ ಬರಂಗಿಲ್ಲ."

"ಕನ್ನಡದಾಗ ಬರೀರಿ ಕಾಕಾ" ಎಂದೆ. ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಅಹವಾಲು ಸಲ್ಲಿಸಬಹುದೆಂದು 350ನೆಯ ಕಲಮು ಹೇಳುತ್ತದೆ. ಆ ಕಲಮಿನ ಅಂಕಿಯನ್ನು ಅವರು ಟಿಕೇಟಿನ ಹಿಂಬದಿಗೆ ಬರೆದುಕೊಂಡರು.